ಲ್ಯಾಪ್‌ಟಾಪ್ ಒಂದು ಕಡೆ, ಚಟ್ನಿಪುಡಿ ಇನ್ನೊಂದು ಕಡೆ: ವಿಮಾನ ನಿಲ್ದಾಣದ ತಪಾಸಣೆ ದಾಟುವ ಬಗೆ

ತಂಗಿಯ ಬಾಣಂತನಕ್ಕೆಂದು ಅಮ್ಮ ಮೊದಲ ಸಲ ಅಮೆರಿಕಕ್ಕೆ ಹೊರಟಾಗ ಅವಳ ಕೈಚೀಲ ತುಂಬಿಕೊಟ್ಟವನು ನಾನು. ತಳದಲ್ಲಿ ಒಂದು ಕಿಲೋ ಮೈಸೂರ್ ಪಾಕ್, ಅದರ ಮೇಲೆ ತಂಗಿಗೆ ತಲುಪಿಸಬೇಕಿದ್ದ ಲ್ಯಾಪ್‌ಟಾಪ್, ಸಂದಿಯಲ್ಲಿ ಹಾರ್ಡ್ ಡಿಸ್ಕ್ ಮತ್ತು ಚಾರ್ಜರ್, ಯಾವುದೂ ಅಲುಗಾಡದಿರಲಿ ಎಂದು ನಡುವೆ ಎರಡು ಚಟ್ನಿಪುಡಿ ಪೊಟ್ಟಣ. ತಪಾಸಣೆಯಲ್ಲಿ ಆ ಚೀಲ ಮೂರು ಸಲ ಪಕ್ಕಕ್ಕೆ ಹೋಯಿತು. ಮೂರನೇ ಸಲ ಒಳಗಿದ್ದದ್ದನ್ನೆಲ್ಲ ಮೇಜಿನ ಮೇಲೆ ಹರಡಿದಾಗ ಅಮ್ಮನ ಕೈ ನಡುಗುತ್ತಿತ್ತಂತೆ. ತಾನೇನೋ ತಪ್ಪು ಮಾಡಿದ್ದೇನೆ ಎಂದೇ ಅವಳು ತಿಳಿದುಕೊಂಡಿದ್ದಳು. ಅಂದಿನಿಂದ ಮನೆಯಲ್ಲಿ ಯಾರೇ ವಿಮಾನ ಹತ್ತಲಿ, ಒಂದೇ ಪ್ರಶ್ನೆ ಮುಂದಿಟ್ಟುಕೊಂಡು ಚೀಲ ಜೋಡಿಸುತ್ತೇನೆ: ಎಕ್ಸ್-ರೇ ಪರದೆಯ ಮುಂದೆ ಕೂತವರಿಗೆ ಇದು ಹೇಗೆ ಕಾಣುತ್ತದೆ?

ಪರದೆಯ ಮೇಲೆ ಕಾಣುವುದು ಏನು

ನಮ್ಮ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ ನಡೆಸುವವರು ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರು, ಅಂದರೆ ಸಿಐಎಸ್‌ಎಫ್ ಸಿಬ್ಬಂದಿ. ನಿಯಮ ಮಾಡುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ. ಯಂತ್ರದ ಮುಂದೆ ಕೂತವರಿಗೆ ನಿಮ್ಮ ಚೀಲ ಬಣ್ಣಬಣ್ಣದ ನೆರಳಾಗಿ ಕಾಣುತ್ತದೆ. ಬಟ್ಟೆ, ಕಾಗದ, ಸೋಪು, ತಿಂಡಿಯಂಥವು ಕಿತ್ತಳೆ. ಕಬ್ಬಿಣ, ಉಕ್ಕಿನಂಥ ಲೋಹ ನೀಲಿ. ಎರಡರ ನಡುವಿನವು ಹಸಿರು. ಕಿರಣ ತೂರಿಹೋಗಲಾರದಷ್ಟು ದಟ್ಟವಾದದ್ದು ಕಪ್ಪು.

ಲ್ಯಾಪ್‌ಟಾಪ್ ಎಂದರೆ ಬ್ಯಾಟರಿ, ಸರ್ಕ್ಯೂಟ್ ಬೋರ್ಡ್, ಲೋಹದ ಹೊದಿಕೆ ಎಲ್ಲ ಒತ್ತಾಗಿ ಕೂತ ಹಲಗೆ. ಅದರಡಿ ಇಟ್ಟದ್ದು ಸರಿಯಾಗಿ ಕಾಣುವುದಿಲ್ಲ, ಅದರೊಳಗೆ ಯಾರಾದರೂ ಏನಾದರೂ ಅಡಗಿಸಿದ್ದರೆ ಮೇಲಿಟ್ಟ ವಸ್ತುಗಳ ನೆರಳಿನಲ್ಲಿ ಅದೂ ತಪ್ಪಿಹೋಗುತ್ತದೆ. ಹೊರಗೆ ತೆಗೆದು ಪ್ರತ್ಯೇಕ ಟ್ರೇನಲ್ಲಿ ಇಡಿ ಎನ್ನುವುದು ಈ ಕಾರಣಕ್ಕೆ.

ನಮ್ಮ ಕಡೆಯ ಪ್ರಯಾಣಿಕರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. ಸ್ಫೋಟಕಗಳಲ್ಲಿ ಹೆಚ್ಚಿನವು ಪರದೆಯ ಮೇಲೆ ಕಾಣುವುದೂ ಕಿತ್ತಳೆ ಬಣ್ಣದಲ್ಲೇ. ಮೈಸೂರ್ ಪಾಕ್, ಬೆಲ್ಲದ ಅಚ್ಚು, ಒತ್ತಿ ತುಂಬಿದ ಚಟ್ನಿಪುಡಿ, ನಾಲ್ಕಾರು ಸ್ಯಾಂಡಲ್ ಸೋಪು, ಎಲ್ಲವೂ ದಟ್ಟ ಕಿತ್ತಳೆ ಗಟ್ಟಿಗಳು. ಅವುಗಳ ಮಗ್ಗುಲಲ್ಲೇ ಬ್ಯಾಟರಿ, ತಂತಿ, ಸರ್ಕ್ಯೂಟ್ ಇದ್ದರೆ ಪರದೆಯ ಮೇಲೆ ಮೂಡುವ ಚಿತ್ರ ಆ ಸಿಬ್ಬಂದಿಗೆ ಯಾವುದನ್ನು ಹುಡುಕಲು ಕಲಿಸಿದ್ದಾರೋ ಅದನ್ನೇ ಹೋಲುತ್ತದೆ. ಬೆಲ್ಟ್ ನಿಲ್ಲಿಸುವುದು ಅವರ ಕರ್ತವ್ಯ. ಅಮ್ಮನ ಚೀಲದಲ್ಲಿ ನಾನು ಕಟ್ಟಿಕೊಟ್ಟದ್ದು ಅಂಥದೇ ಚಿತ್ರ.

ಹಿಂದಿನ ರಾತ್ರಿ: ಯಾವುದು ಕೈಚೀಲಕ್ಕೆ, ಯಾವುದು ಚೆಕ್-ಇನ್‌ಗೆ

ಹಾಸಿಗೆಯ ಮೇಲೆ ಎಲ್ಲ ಎಲೆಕ್ಟ್ರಾನಿಕ್ ಸಾಮಾನು ಹರಡಿ. ಪವರ್ ಬ್ಯಾಂಕ್, ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿ, ಡ್ರೋನ್ ಬ್ಯಾಟರಿ, ಹೀಗೆ ಯಾವ ಉಪಕರಣದೊಳಗೂ ಕೂರದೆ ಬಿಡಿಯಾಗಿರುವ ಲಿಥಿಯಂ ಬ್ಯಾಟರಿ ಪ್ರತಿಯೊಂದೂ ಕೈಚೀಲಕ್ಕೇ ಹೋಗಬೇಕು. ಚೆಕ್-ಇನ್ ಸೂಟ್‌ಕೇಸಿನಲ್ಲಿ ಅವಕ್ಕೆ ಜಾಗವೇ ಇಲ್ಲ. ಇಟ್ಟರೆ ಕೆಳಗಿನ ಯಂತ್ರದಲ್ಲಿ ಸಿಕ್ಕಿಬೀಳುತ್ತದೆ, ನಿಮ್ಮ ಹೆಸರು ಕೂಗುತ್ತಾರೆ ಅಥವಾ ಸೂಟ್‌ಕೇಸ್ ಹಿಂದೆ ಉಳಿಯುತ್ತದೆ.

ಕಾರಣ ಸರಳ. ಲಿಥಿಯಂ ಬ್ಯಾಟರಿ ಒಳಗೇ ಶಾರ್ಟ್ ಆದರೆ ಒಂದು ಕೋಶದ ಬಿಸಿ ಪಕ್ಕದ ಕೋಶಕ್ಕೆ ಹಬ್ಬಿ ತಾನೇತಾನಾಗಿ ಉರಿಯುತ್ತಾ ಹೋಗುತ್ತದೆ. ಸರಕಿನ ಕೋಣೆಯಲ್ಲಿರುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅದುಮಬಲ್ಲದು, ಈ ಸರಣಿ ಬಿಸಿಯನ್ನು ನಿಲ್ಲಿಸಲಾರದು. ಕ್ಯಾಬಿನ್ನಿನಲ್ಲಾದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ನೀರು ಸುರಿದು ತಣಿಸಬಹುದು. ಮನುಷ್ಯರ ಕಣ್ಣೆದುರಿಗಿರಲಿ ಎನ್ನುವುದೇ ಇಡೀ ನಿಯಮದ ತಿರುಳು.

ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಕ್ಯಾಮೆರಾಗಳನ್ನೂ ಕೈಚೀಲದಲ್ಲೇ ಒಯ್ಯಿರಿ. ಬೇರೆ ದಾರಿಯೇ ಇಲ್ಲದೆ ಲ್ಯಾಪ್‌ಟಾಪ್ ಚೆಕ್-ಇನ್‌ಗೆ ಹೋಗುವುದಾದರೆ ಸ್ಲೀಪ್‌ನಲ್ಲಿ ಬಿಡದೆ ಪೂರ್ತಿ ಶಟ್ ಡೌನ್ ಮಾಡಿ, ಬಟ್ಟೆಗಳ ನಡುವೆ ಪೆಟ್ಟು ಬೀಳದಂತೆ ಇಡಿ. ಚಾರ್ಜರಿನಲ್ಲಿ ಬ್ಯಾಟರಿ ಇಲ್ಲ, ಅದು ಎಲ್ಲಿದ್ದರೂ ನಡೆಯುತ್ತದೆ. ಚಿಕ್ಕ ಸ್ಕ್ರೂಡ್ರೈವರ್ ಸೆಟ್ಟು, ಕಟ್ಟರ್ ಸೂಟ್‌ಕೇಸಿಗೆ. ಕೀಬೋರ್ಡ್ ಧೂಳು ಊದುವ ಒತ್ತಡದ ಗಾಳಿಯ ಡಬ್ಬಿ ಮನೆಯಲ್ಲೇ ಇರಲಿ. ಉಬ್ಬಿದ ಬ್ಯಾಟರಿಯ ಫೋನು, ಲ್ಯಾಪ್‌ಟಾಪುಗಳನ್ನು ಎಲ್ಲಿಯೂ ಇಡಬೇಡಿ. ಟಚ್‌ಪ್ಯಾಡ್ ಮೇಲೆದ್ದಿದೆಯೇ, ಮುಚ್ಚಿದಾಗ ಅಂಚು ಸರಿಯಾಗಿ ಕೂರುತ್ತಿಲ್ಲವೇ ನೋಡಿ. ಅಂಥದ್ದು ವಿಮಾನ ಹತ್ತಲೇಬಾರದು.

ಕೆಲವು ವಸ್ತುಗಳ ಬಗ್ಗೆ ವಿದೇಶದಿಂದ ಬರುವ ಮಕ್ಕಳಿಗೆ ಮೊದಲೇ ಹೇಳಿಡಿ. ಚಾರಣಿಗರು ಒಯ್ಯುವ ಉಪಗ್ರಹ ಸಂಪರ್ಕದ ಸಾಧನ, ಸ್ಯಾಟಲೈಟ್ ಫೋನುಗಳನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಗಾರ್ಮಿನ್ ಇನ್‌ರೀಚ್‌ನಂಥ ಪುಟ್ಟ ಸಾಧನ ಚೀಲದಲ್ಲಿದ್ದ ತಪ್ಪಿಗೆ ವಿದೇಶಿ ಪ್ರವಾಸಿಗರು ನಮ್ಮ ವಿಮಾನ ನಿಲ್ದಾಣಗಳಲ್ಲಿ ಬಂಧನಕ್ಕೆ ಒಳಗಾಗಿದ್ದಾರೆ. ಇ-ಸಿಗರೇಟು 2019ರ ಕಾಯ್ದೆಯಡಿ ದೇಶದಲ್ಲೇ ನಿಷಿದ್ಧ.

ಪವರ್ ಬ್ಯಾಂಕ್ ಲೆಕ್ಕ

ಹೆಚ್ಚಿನ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವುದು ಮಿಲಿಆಂಪ್-ಅವರ್. ವಿಮಾನದವರು ಕೇಳುವುದು ವ್ಯಾಟ್-ಅವರ್. ಮಿಲಿಆಂಪ್-ಅವರ್ ಸಂಖ್ಯೆಯನ್ನು ವೋಲ್ಟೇಜಿನಿಂದ ಗುಣಿಸಿ, 1000ದಿಂದ ಭಾಗಿಸಿ. ಪವರ್ ಬ್ಯಾಂಕಿನ ಒಳಗಿನ ಕೋಶದ ವೋಲ್ಟೇಜು ಸಾಮಾನ್ಯವಾಗಿ 3.7. ಆ ಲೆಕ್ಕದಲ್ಲಿ 10,000ದ್ದು 37 ವ್ಯಾಟ್-ಅವರ್, 20,000ದ್ದು 74, 27,000ದ್ದು 99.9, 30,000ದ್ದು 111. ಯುಎಸ್‌ಬಿಯ 5 ವೋಲ್ಟಿನಿಂದ ಗುಣಿಸಬೇಡಿ, ಲೆಕ್ಕ ತಪ್ಪುತ್ತದೆ.

100ರವರೆಗೆ ಯಾರ ಅನುಮತಿಯೂ ಬೇಡ. 100ರಿಂದ 160ರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅಂಥ ಬಿಡಿ ಬ್ಯಾಟರಿ ಎರಡಕ್ಕಿಂತ ಹೆಚ್ಚು ಒಯ್ಯುವಂತಿಲ್ಲ. 160 ದಾಟಿದ್ದು ಪ್ರಯಾಣಿಕರ ಸಾಮಾನಿನಲ್ಲಿ ಬರುವಂತೆಯೇ ಇಲ್ಲ. ಸಾಮಾನ್ಯ ಲ್ಯಾಪ್‌ಟಾಪುಗಳ ಬ್ಯಾಟರಿ 100ರ ಒಳಗೇ ಇರುವುದು ಕಾಕತಾಳೀಯವಲ್ಲ, ತಯಾರಕರು ಈ ಮಿತಿಯನ್ನು ಕಣ್ಣಮುಂದಿಟ್ಟುಕೊಂಡೇ ಮಾಡುತ್ತಾರೆ.

ಈ ಲೆಕ್ಕ ನಿಮಗೆ ಗೊತ್ತಿದ್ದರೆ ಸಾಲದು, ಅಕ್ಷರ ಪವರ್ ಬ್ಯಾಂಕಿನ ಮೈಮೇಲೆ ಕಾಣಬೇಕು. ಎರಡು ವರ್ಷ ಕಾಲೇಜು ಚೀಲದಲ್ಲಿ ಉಜ್ಜಿ ಅಳಿಸಿಹೋದ ಪವರ್ ಬ್ಯಾಂಕನ್ನು ತಪಾಸಣೆಯಲ್ಲಿ ಬಿಡದಿರಬಹುದು, ಅವರಿಗೆ ಅದರ ಶಕ್ತಿ ತಿಳಿಯಲು ಬೇರೆ ದಾರಿಯಿಲ್ಲ. ನಿಮ್ಮದರ ಅಕ್ಷರ ಮಾಸಿದ್ದರೆ ಪ್ರಯಾಣಕ್ಕೆ ಬೇರೊಂದು ಕೊಳ್ಳಿ. ಬಿಡಿ ಕ್ಯಾಮೆರಾ ಬ್ಯಾಟರಿಗಳ ಲೋಹದ ತುದಿಗೆ ಒಂದು ತುಂಡು ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಪುಟ್ಟ ಚೀಲದಲ್ಲಿ ಹಾಕಿ. ನಾಣ್ಯವೋ ಕೀಲಿಯೋ ತಾಗಿ ಶಾರ್ಟ್ ಆಗಬಾರದು.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನ ಬೆಂಕಿಗೆ ಆಹುತಿಯಾಯಿತು. ಎಲ್ಲರೂ ಪಾರಾದರು. ಮೇಲಿನ ಲಗೇಜ್ ಗೂಡಿನಲ್ಲಿದ್ದ ಪವರ್ ಬ್ಯಾಂಕಿನ ಒಳಗಿನ ನಿರೋಧಕ ಪದರ ಕೆಟ್ಟದ್ದೇ ಕಾರಣವಿರಬೇಕು ಎಂದು ಅಲ್ಲಿನ ಸರ್ಕಾರ ಆಮೇಲೆ ಹೇಳಿತು. ಅದರ ಬೆನ್ನಲ್ಲೇ ನಿಯಮಗಳು ಬಿಗಿಯಾದವು. 2025ರ ಏಪ್ರಿಲ್ 1ರಿಂದ ಸಿಂಗಾಪುರ್ ಏರ್‌ಲೈನ್ಸ್ ವಿಮಾನದೊಳಗೆ ಪವರ್ ಬ್ಯಾಂಕ್ ಬಳಕೆ ನಿಲ್ಲಿಸಿತು. ಅದೇ ಜೂನ್ 28ರಿಂದ ಚೀನಾದ ದೇಶೀಯ ವಿಮಾನಗಳಲ್ಲಿ ಅಲ್ಲಿನ ಸುರಕ್ಷತಾ ಪ್ರಮಾಣದ 3ಸಿ ಗುರುತು ಇಲ್ಲದ ಪವರ್ ಬ್ಯಾಂಕಿಗೆ ಪ್ರವೇಶವಿಲ್ಲ. ಅಕ್ಟೋಬರ್ 1ರಿಂದ ಎಮಿರೇಟ್ಸ್‌ನಲ್ಲಿ ತಲೆಗೊಂದೇ, ಅದೂ 100 ವ್ಯಾಟ್-ಅವರ್ ಒಳಗಿನದು, ಒಳಗೆ ಬಳಸುವಂತಿಲ್ಲ. ಯಾವ ವಿಮಾನವಾದರೂ ಸರಿ, ಪವರ್ ಬ್ಯಾಂಕನ್ನು ಮೇಲಿನ ಗೂಡಿಗೆ ಹಾಕದೆ ಮುಂದಿನ ಸೀಟಿನ ಕೆಳಗೆ, ಕೈಗೆ ಸಿಗುವಲ್ಲಿ ಇಡಿ.

ಮೈಸೂರಿನಂಥ ಊರಿಗೆ ಹಾರುವ ಎಟಿಆರ್ ವಿಮಾನಗಳಲ್ಲಿ ಮೇಲಿನ ಗೂಡು ಚಿಕ್ಕದು. ವಿಮಾನದ ಬಾಗಿಲಲ್ಲೇ ಕೈಚೀಲ ಇಸಿದುಕೊಂಡು ಕೆಳಗಿನ ಸರಕಿಗೆ ಹಾಕುವುದುಂಟು. ಆ ಗಡಿಬಿಡಿಯಲ್ಲಿ ಪವರ್ ಬ್ಯಾಂಕ್ ಒಳಗೇ ಉಳಿದುಬಿಡುತ್ತದೆ. ಚೀಲ ಕೊಡುವ ಮುಂಚೆ ಅದನ್ನೂ ಲ್ಯಾಪ್‌ಟಾಪನ್ನೂ ತೆಗೆದು ಕೈಯಲ್ಲಿ ಹಿಡಿಯಿರಿ. ಇದಕ್ಕೆಂದೇ ನಾನು ಮಡಚಿದ ಬಟ್ಟೆಚೀಲವೊಂದನ್ನು ಹೊರಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ಚೀಲ ಜೋಡಿಸುವ ಕ್ರಮ

ಲ್ಯಾಪ್‌ಟಾಪ್ ಒಂದೇ ಜಿಪ್ ಎಳೆದರೆ ಕೈಗೆ ಬರಬೇಕು. ತಂತಿಗಳನ್ನು ಒಂದೊಂದಾಗಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಚಾರ್ಜರ್, ಹಾರ್ಡ್ ಡಿಸ್ಕ್, ಪವರ್ ಬ್ಯಾಂಕ್, ಇಯರ್‌ಫೋನ್ ಎಲ್ಲವನ್ನೂ ಪಾರದರ್ಶಕ ಪೌಚಿನಲ್ಲಿ ಹಾಕಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಸಾಕು. ತಪಾಸಣೆಯಲ್ಲಿ ಆ ಪೌಚನ್ನು ಹಾಗೇ ಎತ್ತಿ ಟ್ರೇಗೆ ಇಟ್ಟರೆ ಆಯಿತು.

ತಿಂಡಿ ಸೂಟ್‌ಕೇಸಿಗೆ ಹೋಗಲಿ. ಕೈಯಲ್ಲೇ ಬೇಕೆಂದರೆ ಎಲೆಕ್ಟ್ರಾನಿಕ್ ಸಾಮಾನಿಗೆ ತಾಗದ ಬೇರೆ ಖಾನೆಯಲ್ಲಿ, ಒಂದರ ಮೇಲೊಂದು ಪೇರಿಸದೆ ಇಡಿ. ಅಮೆರಿಕಕ್ಕೆ ಹೋಗುವವರಿಗೆ ಪುಡಿಯ ಕಟ್ಟುಪಾಡು ಬೇರೆಯೇ ಇದೆ: 2018ರ ಜೂನ್ 30ರಿಂದ ಅಲ್ಲಿಗೆ ಹಾರುವ ಅಂತರರಾಷ್ಟ್ರೀಯ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚು ಪುಡಿ ಕೈಚೀಲದಲ್ಲಿದ್ದರೆ ಹೆಚ್ಚುವರಿ ತಪಾಸಣೆ, ತೃಪ್ತಿಯಾಗದಿದ್ದರೆ ಅಲ್ಲೇ ಬಿಡಬೇಕು. ಸಾರಿನ ಪುಡಿ, ಹುರಿಟ್ಟು, ಚಟ್ನಿಪುಡಿ ಎಲ್ಲವೂ ಪುಡಿಯೇ.

ತೋಟದ ಕೆಲಸಕ್ಕೆ, ಗೊಬ್ಬರ ತರಲು ಬಳಸಿದ ಚೀಲವನ್ನು ವಿಮಾನಕ್ಕೆ ಒಯ್ಯಬೇಡಿ. ಚೀಲದ ಮೇಲೆ ಒಂದು ಪಟ್ಟಿ ಒರೆಸಿ ಯಂತ್ರಕ್ಕೆ ಹಾಕುವುದನ್ನು ನೋಡಿರುತ್ತೀರಿ. ಅದು ಸ್ಫೋಟಕದ ಸೂಕ್ಷ್ಮ ಕಣ ಹುಡುಕುವ ಪರೀಕ್ಷೆ, ಗೊಬ್ಬರದ ನೈಟ್ರೇಟು ಅದನ್ನು ಎಚ್ಚರಿಸಬಲ್ಲದು. ಊರಿನಿಂದ ನೇರವಾಗಿ ನಿಲ್ದಾಣಕ್ಕೆ ಬರುವವರು ಇದನ್ನು ನೆನಪಿಡಿ.

ಲ್ಯಾಪ್‌ಟಾಪಿಗೆ ಅರ್ಧಕ್ಕಾದರೂ ಚಾರ್ಜು ತುಂಬಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 2014ರ ಜುಲೈಯಿಂದ ಉಪಕರಣವನ್ನು ಆನ್ ಮಾಡಿ ತೋರಿಸಿ ಎಂದು ಕೇಳುವ ಕ್ರಮ ಬಂದಿದೆ. ಆನ್ ಆಗದ್ದನ್ನು ಒಳಗೆ ಬಿಡದಿರಬಹುದು. ಪಾಸ್‌ವರ್ಡ್ ಗೊತ್ತಿರಬೇಕಿಲ್ಲ, ಪರದೆ ಬೆಳಗಿದರೆ ಸಾಕು. ಮಗನ ಲ್ಯಾಪ್‌ಟಾಪ್ ಒಯ್ಯುವ ತಂದೆತಾಯಿಗೆ ಪವರ್ ಬಟನ್ ಎಲ್ಲಿದೆ ಎಂದು ತೋರಿಸಿ ಕಳಿಸಿ.

ಸಾಲಿನಲ್ಲಿ, ಟ್ರೇ ಮುಂದೆ

ಡಿಜಿ ಯಾತ್ರಾ ಇದ್ದರೆ ಮುಖ ತೋರಿಸಿ ಬೇಗ ಒಳಹೋಗಬಹುದು, ಚೀಲದ ತಪಾಸಣೆ ಮಾತ್ರ ಎಲ್ಲರಿಗೂ ಒಂದೇ. ಸಾಲಿನಲ್ಲಿ ನಿಂತಾಗಲೇ ಪರ್ಸು, ಕೀಲಿ, ನಾಣ್ಯ, ಕೈಗಡಿಯಾರವನ್ನು ಚೀಲದ ಒಂದು ಖಾನೆಗೆ ಹಾಕಿ ಜಿಪ್ ಎಳೆಯಿರಿ. ಟ್ರೇನಲ್ಲಿ ಬಿಡಿಯಾಗಿ ಹರಡಿದ್ದೇ ಕಳೆದುಹೋಗುವುದು.

ಲ್ಯಾಪ್‌ಟಾಪನ್ನು ಕವರಿನಿಂದ ತೆಗೆದು ಒಂದು ಟ್ರೇನಲ್ಲಿ ಚಪ್ಪಟೆಯಾಗಿ ಮಲಗಿಸಿ. ಅದರ ಮೇಲೆ ಜಾಕೆಟ್ಟು, ಫೋನು, ಬೋರ್ಡಿಂಗ್ ಪಾಸ್ ಏನೂ ಬೇಡ. ಎರಡು ಲ್ಯಾಪ್‌ಟಾಪ್ ಇದ್ದರೆ ಎರಡು ಟ್ರೇ. ಟ್ಯಾಬ್ಲೆಟ್, ಕ್ಯಾಮೆರಾ, ಪೌಚು, ಫೋನು ಇನ್ನೊಂದರಲ್ಲಿ, ಒಂದರ ಮೇಲೊಂದು ಬರದಂತೆ. ಯಾವುದನ್ನೆಲ್ಲ ಹೊರಗೆ ತೆಗೆಯಬೇಕು ಎನ್ನುವುದು ನಿಲ್ದಾಣದಿಂದ ನಿಲ್ದಾಣಕ್ಕೆ ಬದಲಾಗುತ್ತದೆ. ಒಂದು ಕಡೆ ಚಾರ್ಜರನ್ನೂ ತೆಗೆಸುತ್ತಾರೆ, ಇನ್ನೊಂದು ಕಡೆ ಬೇಡವೆನ್ನುತ್ತಾರೆ. ನಿಂತವರು ಹೇಳಿದಂತೆ ಮಾಡಿ, ಕಳೆದ ಸಲ ಹೀಗಿರಲಿಲ್ಲ ಎಂದು ವಾದಿಸಿ ಉಪಯೋಗವಿಲ್ಲ.

ಟ್ರೇಗಳನ್ನು ಬೆಲ್ಟಿಗೆ ತಳ್ಳುವ ಕ್ರಮ ನನ್ನ ಮಟ್ಟಿಗೆ ಬಹಳ ಮುಖ್ಯ. ಮೊದಲು ಚೀಲ, ಆಮೇಲೆ ಪೌಚು ಮತ್ತು ಫೋನು, ಕೊನೆಗೆ ಲ್ಯಾಪ್‌ಟಾಪ್. ಆಚೆ ಕಡೆ ಚೀಲ ಮೊದಲು ಕೈಗೆ ಸಿಗುತ್ತದೆ, ಉಳಿದದ್ದನ್ನು ನೇರವಾಗಿ ಅದರೊಳಗೆ ಹಾಕಿಕೊಳ್ಳಬಹುದು. ದುಬಾರಿ ವಸ್ತು ನಿಮ್ಮ ಕಣ್ಣಿನಿಂದ ದೂರ ಇರುವ ಹೊತ್ತೂ ಕಡಿಮೆ. ಲೋಹಶೋಧಕ ಚೌಕಟ್ಟಿನೊಳಗೆ ಕಾಲಿಡುವ ಸರದಿ ಹತ್ತಿರ ಬರುವವರೆಗೆ ಲ್ಯಾಪ್‌ಟಾಪ್ ಟ್ರೇ ತಳ್ಳಬೇಡಿ. ಎಷ್ಟು ಟ್ರೇ ಎಂದು ಎಣಿಸಿ ಮನಸ್ಸಿನಲ್ಲಿಟ್ಟುಕೊಳ್ಳಿ.

ನಮ್ಮಲ್ಲಿ ಮಹಿಳೆಯರ ದೇಹ ತಪಾಸಣೆ ಪರದೆ ಹಾಕಿದ ಗೂಡಿನೊಳಗೆ, ಬೇರೆ ಸಾಲಿನಲ್ಲಿ ನಡೆಯುತ್ತದೆ. ಒಳಗಿರುವಷ್ಟು ಹೊತ್ತು ಟ್ರೇ ಕಣ್ಣಿಗೆ ಬೀಳುವುದಿಲ್ಲ. ಮಹಿಳೆಯರ ಸಾಲು ಉದ್ದವಿದ್ದರೆ ಸ್ವಲ್ಪ ಕರಗುವವರೆಗೆ ಟ್ರೇ ಹಿಡಿದುಕೊಂಡಿರಿ, ಹಿಂದಿನವರನ್ನು ಮುಂದೆ ಬಿಡಿ. ಜೊತೆಗೆ ಮನೆಯವರಿದ್ದರೆ ಒಬ್ಬರು ಮೊದಲು ದಾಟಿ ಆಚೆ ನಿಂತು ಟ್ರೇ ಕಾಯಲಿ.

ಪೇಸ್‌ಮೇಕರ್, ಇನ್ಸುಲಿನ್ ಪಂಪ್ ಇರುವವರು ಚೌಕಟ್ಟಿಗೆ ಮೊದಲೇ ಸಿಬ್ಬಂದಿಗೆ ಹೇಳಿ, ವೈದ್ಯರ ಪತ್ರ ತೋರಿಸಿ. ಎಕ್ಸ್-ರೇಯಿಂದ ಹಾರ್ಡ್ ಡಿಸ್ಕಿಗೋ ಪೆನ್‌ಡ್ರೈವಿಗೋ ಮೆಮೊರಿ ಕಾರ್ಡಿಗೋ ಏನೂ ಆಗದು, ಆ ಭಯ ಬಿಡಿ.

ಚೀಲ ಪಕ್ಕಕ್ಕೆ ಹೋದರೆ

ಗಾಬರಿ ಬೇಡ. ನೀವಾಗಿ ಕೈ ಹಾಕಬೇಡಿ. ಯಾರ ಚೀಲ ಎಂದು ಕೇಳಿದಾಗ ಮುಂದೆ ಬನ್ನಿ. ಎಲ್ಲಿ ಏನಿದೆ ಎಂದು ಚಿಕ್ಕದಾಗಿ ಹೇಳಿ: ಕೆಳಗೆ ಸ್ವೀಟು, ಪಕ್ಕದಲ್ಲಿ ಪವರ್ ಬ್ಯಾಂಕ್. ಸಿಬ್ಬಂದಿ ದೇಶದ ಎಲ್ಲ ರಾಜ್ಯಗಳಿಂದ ಬಂದವರು, ಕನ್ನಡ ಬಲ್ಲವರೇ ಸಿಗಲಿಕ್ಕಿಲ್ಲ. ಅದೃಷ್ಟಕ್ಕೆ ಇಲ್ಲಿ ಬೇಕಾದ ಪದಗಳು ಎಲ್ಲ ಭಾಷೆಗೂ ಒಂದೇ. ಲ್ಯಾಪ್‌ಟಾಪ್, ಚಾರ್ಜರ್, ಪವರ್ ಬ್ಯಾಂಕ್, ಟ್ರೇ, ಈ ನಾಲ್ಕನ್ನು ಅಮ್ಮನಿಗೆ ಅಭ್ಯಾಸ ಮಾಡಿಸಿ ಕಳಿಸುತ್ತೇನೆ. ಮುಗಿದ ಮೇಲೆ ತೆಗೆದಿಟ್ಟ ಪ್ರತಿ ವಸ್ತುವೂ ಒಳಗೆ ಬಂತೇ ನೋಡಿಕೊಂಡು ಆ ಮೇಜು ಬಿಡಿ.

ದಾರಿಯ ನಡುವಿನ ನಿಲ್ದಾಣಗಳು

ಬೆಂಗಳೂರಿನಲ್ಲಿ ಒಮ್ಮೆ ದಾಟಿದರೆ ಮುಗಿಯಿತು ಎಂದುಕೊಳ್ಳಬೇಡಿ. ದುಬೈ, ದೋಹಾ, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವಾಗ ಮತ್ತೆ ತಪಾಸಣೆ ಎದುರಾಗಬಹುದು. ಅಬುಧಾಬಿಯಿಂದ ಅಮೆರಿಕಕ್ಕೆ ಹೋಗುವವರಿಗೆ ಅಮೆರಿಕದ ವಲಸೆ ತಪಾಸಣೆ ಅಲ್ಲೇ ಮುಗಿಯುತ್ತದೆ, ಅದಕ್ಕೂ ಸಮಯ ಇಟ್ಟುಕೊಳ್ಳಿ. ಬೋರ್ಡಿಂಗ್ ಪಾಸಿನ ಮೇಲೆ ನಾಲ್ಕು ಎಸ್ ಅಕ್ಷರ ಸಾಲಾಗಿ ಮುದ್ರಣವಾಗಿದ್ದರೆ ಗೇಟಿನ ಹತ್ತಿರ ಹೆಚ್ಚುವರಿ ತಪಾಸಣೆ ಖಂಡಿತ. ಮುಕ್ಕಾಲು ಗಂಟೆ ಮೊದಲೇ ಅಲ್ಲಿರಿ.

ಲಂಡನ್ನಿನ ಹೀಥ್ರೂನಂಥ ಕಡೆ ಈಗ ಆಸ್ಪತ್ರೆಯಲ್ಲಿರುವಂಥ ಸಿಟಿ ಸ್ಕ್ಯಾನರುಗಳಿವೆ. ಅವು ಚೀಲದ ಸುತ್ತ ತಿರುಗಿ ಮೂರು ಆಯಾಮದ ಚಿತ್ರ ಕೊಡುತ್ತವೆ. ಸಿಬ್ಬಂದಿ ಆ ಚಿತ್ರವನ್ನು ತಿರುಗಿಸಿ ಲ್ಯಾಪ್‌ಟಾಪಿನ ಕೆಳಗಿರುವುದನ್ನೂ ನೋಡಬಲ್ಲರು, ಹಾಗಾಗಿ ಹೊರಗೆ ತೆಗೆಯಬೇಕಿಲ್ಲ. ಅಮೆರಿಕದಲ್ಲಿ ಒಂದೇ ನಿಲ್ದಾಣದ ಎರಡು ಸಾಲುಗಳಲ್ಲೂ ಬೇರೆ ಕ್ರಮವಿರುತ್ತದೆ, ಫಲಕ ಓದಿ. ಇನ್ನೂ ಫಿಲ್ಮ್ ಕ್ಯಾಮೆರಾ ಬಳಸುವವರಿಗೆ ಒಂದು ಮಾತು: ಸಿಟಿ ಸ್ಕ್ಯಾನರ್ ತೊಳೆಯದ ಫಿಲ್ಮನ್ನು ಹಾಳುಮಾಡುತ್ತದೆ. ರೋಲುಗಳನ್ನು ಪಾರದರ್ಶಕ ಚೀಲದಲ್ಲಿಟ್ಟು ಕೈಯಿಂದ ಪರೀಕ್ಷಿಸಲು ಕೇಳಿಕೊಳ್ಳಿ.

ನಿಯಮ ರಾತ್ರೋರಾತ್ರಿ ಬದಲಾಗಬಲ್ಲದು. 2017ರ ಮಾರ್ಚ್‌ನಲ್ಲಿ ದುಬೈ, ದೋಹಾ, ಅಬುಧಾಬಿಯೂ ಸೇರಿ 10 ನಿಲ್ದಾಣಗಳಿಂದ ಅಮೆರಿಕಕ್ಕೆ ಹಾರುವ ವಿಮಾನಗಳ ಕ್ಯಾಬಿನ್ನಿನಲ್ಲಿ ಲ್ಯಾಪ್‌ಟಾಪನ್ನೇ ನಿಷೇಧಿಸಿದ್ದರು. ಕೊಲ್ಲಿಯ ಮೂಲಕ ಅಮೆರಿಕಕ್ಕೆ ಹೋಗುವವರು ಲ್ಯಾಪ್‌ಟಾಪನ್ನು ಸೂಟ್‌ಕೇಸಿಗೆ ಹಾಕಬೇಕಾಗಿತ್ತು. ಜುಲೈ ಹೊತ್ತಿಗೆ ಅದು ತೆರವಾಯಿತು. ಹೊರಡುವ ಎರಡು ದಿನ ಮೊದಲು ನಿಮ್ಮ ವಿಮಾನ ಸಂಸ್ಥೆಯ ಬ್ಯಾಟರಿ ನಿಯಮ ಒಮ್ಮೆ ಓದಿ. ಎರಡು ಸಂಸ್ಥೆಗಳ ಟಿಕೆಟ್ ಇದ್ದರೆ ಹೆಚ್ಚು ಬಿಗಿಯಾದ ನಿಯಮವನ್ನೇ ಹಿಡಿಯಿರಿ.

ಟ್ರೇನಲ್ಲೇ ಮರೆತು ಬಂದರೆ

ಒಂದೇ ಬಣ್ಣದ, ಒಂದೇ ಕಂಪನಿಯ ಹತ್ತು ಲ್ಯಾಪ್‌ಟಾಪ್ ಒಂದರ ಹಿಂದೊಂದು ಬರುವ ಬೆಳಗಿನ ಹೊತ್ತು, ಯಾರದ್ದೋ ಯಾರೋ ಎತ್ತಿಕೊಂಡು ಹೋಗುವುದು ಸುಲಭ. ಮುಚ್ಚಳದ ಮೇಲೆ ದೂರದಿಂದ ಗುರುತು ಹತ್ತುವ ಸ್ಟಿಕ್ಕರ್ ಅಂಟಿಸಿ. ಲಾಕ್ ಪರದೆಯ ಮೇಲೆ ನಿಮ್ಮ ಹೆಸರು, ಮನೆಯವರೊಬ್ಬರ ಫೋನ್ ನಂಬರ್ ಕಾಣುವಂತೆ ಮಾಡಿ. ತಳದಲ್ಲಿರುವ ಸೀರಿಯಲ್ ನಂಬರಿನ ಫೋಟೋ ತೆಗೆದು ಫೋನಿನಲ್ಲೂ ಮನೆಯವರ ವಾಟ್ಸಾಪಿನಲ್ಲೂ ಇಟ್ಟಿರಿ.

ಗೇಟಿನ ಹತ್ತಿರ ನೆನಪಾದರೆ ಕೂಡಲೇ ಅದೇ ತಪಾಸಣೆ ಸಾಲಿಗೆ ಹಿಂತಿರುಗಿ, ದಾಟಿದ ಹೊತ್ತು ಮತ್ತು ಸಾಲಿನ ಸಂಖ್ಯೆ ಹೇಳಿ. ಕ್ಯಾಮೆರಾ ದೃಶ್ಯ ನೋಡಲು ಅವರಿಗೆ ಅದೇ ಬೇಕಾಗುವುದು. ಊರು ತಲುಪಿದ ಮೇಲೆ ನೆನಪಾದರೆ ನಿಲ್ದಾಣದ ಕಳೆದುಹೋದ ವಸ್ತುಗಳ ವಿಭಾಗಕ್ಕೆ ಬರೆಯಿರಿ. ಸಿಕ್ಕ ವಸ್ತುಗಳ ಪಟ್ಟಿಯನ್ನು ಸಿಐಎಸ್‌ಎಫ್ ತನ್ನ ಜಾಲತಾಣದಲ್ಲೂ ಹಾಕುತ್ತದೆ. ಬರೆಯುವಾಗ ವಿಮಾನದ ಸಂಖ್ಯೆ, ದಿನಾಂಕ, ಸೀರಿಯಲ್ ನಂಬರ್, ಸ್ಟಿಕ್ಕರಿನ ಗುರುತು ಕೊಡಿ. ನೀವೇ ಹೋಗಲಾಗದಿದ್ದರೆ ನಿಮ್ಮ ಪರವಾಗಿ ಬರುವವರ ಕೈಗೆ ಸಹಿ ಮಾಡಿದ ಪತ್ರ, ನಿಮ್ಮ ಗುರುತಿನ ಚೀಟಿಯ ಪ್ರತಿ, ಅವರದೇ ಗುರುತಿನ ಚೀಟಿ ಇರಲಿ.